ಫ್ರಾಂಕ್ ಫೆನ್ನರ್: ಪ್ರಾಣಿ ಮತ್ತು ಮಾನವ ವೈರಸ್‌ಗಳ ವಿಕಾಸದ ಅಧ್ಯಯನ

ಫೆನ್ನರ್, ಫ್ರಾಂಕ್ ಜಾನ್ : 1914-2010. ಆಸ್ಟ್ರೇಲಿಯದ ವೈರಸ್ ವಿಜ್ಞಾನಿ. ಸಿಡುಬಿನ ವೈರಸ್ ಸೇರಿರುವ ಪಾಕ್ಸ್‌ವೈರಸ್ ಕುಟುಂಬದ ಅಧ್ಯಯನಕ್ಕೆ ಜೀವಮಾನದ ಬಹುಪಾಲನ್ನು ಮೀಸಲಿಟ್ಟವರು. ಇಲಿಗಳ ಸಿಡುಬು, ಮೊಲಗಳ ಮಿಕ್ಸೊಮಾ ರೋಗ, ಮನುಷ್ಯರ ಸಿಡುಬು ಇವು ಮೂರೂ ಇವರ ಸಂಶೋಧನೆಯ ಮುಖ್ಯ ಘಟ್ಟಗಳು. 1950ರಲ್ಲಿ ಆಸ್ಟ್ರೇಲಿಯದ ಕಾಡುಮೊಲಗಳ ನಡುವೆ ಬಿಟ್ಟ ಮಿಕ್ಸೊಮಾ ವೈರಸ್ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು, ಅದಕ್ಕೆ ಪ್ರತಿಯಾಗಿ ಮೊಲಗಳು ಹೇಗೆ ಬದಲಾದವು ಎಂಬುದನ್ನು ಇವರು ತಮ್ಮ ಸಹೋದ್ಯೋಗಿಗಳೊಡನೆ ಅಳೆದು ದಾಖಲಿಸಿದರು. ರೋಗಕಾರಕ ಮತ್ತು ಅದಕ್ಕೆ ನೆಲೆ ಕೊಡುವ ಪ್ರಾಣಿ ಎರಡೂ ಒಂದನ್ನೊಂದು ತಿದ್ದುತ್ತ ವಿಕಾಸಗೊಳ್ಳುವುದಕ್ಕೆ ಬಯಲಿನಲ್ಲಿ ದೊರೆತ ಅತ್ಯಂತ ಸ್ಪಷ್ಟ ನಿದರ್ಶನವೆಂದು ಈ ಕೆಲಸ ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಒಂದು ವೈರಸ್ ಎಷ್ಟು ಮಾರಕ ಎಂಬುದು ಅದರ ಹುಟ್ಟುಗುಣವಾಗಿ ಸ್ಥಿರವಾಗಿರುವುದಿಲ್ಲ. ಅದು ಹರಡುವ ದಾರಿ, ಸೋಂಕು ತಗಲಿದ ಪ್ರಾಣಿ ಬದುಕಿರುವ ಅವಧಿ, ಆ ಪ್ರಾಣಿಯ ಪ್ರತಿರೋಧ ಇವುಗಳ ನಡುವಿನ ಹೊಂದಾಣಿಕೆಯಿಂದ ನಿರ್ಧಾರವಾಗುತ್ತದೆ ಎಂಬುದು ಫೆನ್ನರ್ ಸಂಶೋಧನೆಯ ತಿರುಳು.

ಜೀವನ

ಜನನ 1914ರ ಡಿಸೆಂಬರ್ 21ರಂದು, ವಿಕ್ಟೋರಿಯ ಪ್ರಾಂತದ ಬ್ಯಾಲರಟ್ ಪಟ್ಟಣದಲ್ಲಿ. ತಂದೆ ಚಾರ್ಲ್ಸ್ ಫೆನ್ನರ್ ಭೂಗೋಳ ಮತ್ತು ಭೂವಿಜ್ಞಾನದ ವಿದ್ವಾಂಸ, ಶಿಕ್ಷಣತಜ್ಞ. ಕುಟುಂಬ ಆಡಿಲೇಡ್ ನಗರಕ್ಕೆ ಹೋಗಿ ನೆಲೆಸಿದ್ದರಿಂದ ಫೆನ್ನರ್ ಅವರ ವಿದ್ಯಾಭ್ಯಾಸ ಅಲ್ಲಿಯೇ ನಡೆಯಿತು. 1938ರಲ್ಲಿ ಆಡಿಲೇಡ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಆಸ್ಟ್ರೇಲಿಯದ ಸೇನಾ ವೈದ್ಯದಳ ಸೇರಿ ಪ್ಯಾಲಸ್ತೀನ್, ಈಜಿಪ್ಟ್, ನ್ಯೂಗಿನಿ ಮುಂತಾದೆಡೆ ದುಡಿದರು. ನ್ಯೂಗಿನಿಯಲ್ಲಿ ಸೈನಿಕರನ್ನು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಕಾಡಿದ್ದು ಮಲೇರಿಯ. ಅದರ ನಿಯಂತ್ರಣದಲ್ಲಿ ಫೆನ್ನರ್ ಮಾಡಿದ ಕೆಲಸಕ್ಕೆ ಬ್ರಿಟಿಷ್ ಗೌರವ ಪದವಿ ದೊರೆಯಿತು. ಒಂದು ರೋಗವನ್ನು ಅರಿಯಬೇಕಾದರೆ ರೋಗಿಯ ದೇಹದ ಜೊತೆಗೆ ಸೊಳ್ಳೆ, ನೀರು, ಹವೆ, ನೆಲ ಎಲ್ಲವನ್ನೂ ಒಟ್ಟಾಗಿ ನೋಡಬೇಕೆಂಬ ಪರಿಸರದೃಷ್ಟಿ ಅವರ ಮುಂದಿನ ಕೆಲಸದಲ್ಲೆಲ್ಲ ಕಾಣುತ್ತದೆ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಮೆಲ್ಬರ್ನ್ ನಗರದ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯಲ್ಲಿ ಮ್ಯಾಕ್‌ಫಾರ್ಲೇನ್ ಬರ್ನೆಟ್ ಅವರ ಬಳಿ ಸಂಶೋಧನೆಗೆ ಸೇರಿದರು. ಇಬ್ಬರೂ ಸೇರಿ ಪ್ರತಿಕಾಯಗಳ ಉತ್ಪಾದನೆಯ ಬಗ್ಗೆ ಬರೆದ ಗ್ರಂಥ 1949ರಲ್ಲಿ ಪ್ರಕಟವಾಯಿತು. ದೇಹ ತನ್ನದನ್ನು ಪರಕೀಯವಾದದ್ದರಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಆ ಗ್ರಂಥ ರೋಗನಿರೋಧ ವಿಜ್ಞಾನದ ನಡುವಿಗೆ ತಂದಿತು. ಬರ್ನೆಟ್ ಅವರಿಗೆ 1960ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಇದೇ ವಿಚಾರಧಾರೆಗೆ. ಮೆಲ್ಬರ್ನಿನ ಈ ಕೆಲಸದ ನಡುವೆ ಫೆನ್ನರ್ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ರೆನೆ ಡ್ಯೂಬೊ ಅವರೊಡನೆ ಕ್ಷಯದ ಬ್ಯಾಕ್ಟೀರಿಯಗಳ ಗುಂಪಿನ ಮೇಲೆ ಕೆಲಸ ಮಾಡಿದರು. 1949ರಲ್ಲಿ ಕ್ಯಾನ್‌ಬೆರದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಜಾನ್ ಕರ್ಟಿನ್ ವೈದ್ಯಕೀಯ ಸಂಶೋಧನಾ ಶಾಲೆಯಲ್ಲಿ ಸೂಕ್ಷ್ಮಜೀವಿ ವಿಜ್ಞಾನದ ಮೊದಲ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಕ್ಯಾನ್‌ಬೆರದಲ್ಲಿ ಪ್ರಯೋಗಾಲಯ ಇನ್ನೂ ಸಿದ್ಧವಾಗಿರಲಿಲ್ಲವಾದ್ದರಿಂದ ಮೊದಲ ಕೆಲವು ವರ್ಷ ಮೆಲ್ಬರ್ನಿನಲ್ಲಿಯೇ ಕೆಲಸ ಮುಂದುವರಿಸಿದರು. 1967ರಿಂದ 1973ರವರೆಗೆ ಆ ಶಾಲೆಯ ನಿರ್ದೇಶಕರಾಗಿದ್ದರು. ಆಮೇಲೆ ಅದೇ ವಿಶ್ವವಿದ್ಯಾಲಯದಲ್ಲಿ ಸಂಪನ್ಮೂಲ ಮತ್ತು ಪರಿಸರ ಅಧ್ಯಯನ ಕೇಂದ್ರವನ್ನು ಕಟ್ಟಿ 1979ರವರೆಗೆ ನಡೆಸಿದರು. 2010ರ ನವೆಂಬರ್ 22ರಂದು ಕ್ಯಾನ್‌ಬೆರದಲ್ಲಿ ನಿಧನರಾದರು.

ಇಲಿ ಸಿಡುಬು

ಬರ್ನೆಟ್ ಅವರ ಪ್ರಯೋಗಾಲಯದಲ್ಲಿ ಫೆನ್ನರ್ ಕೈಗೆತ್ತಿಕೊಂಡದ್ದು ಬಿಳಿ ಇಲಿಗಳಿಗೆ ಬರುವ ಎಕ್ಟ್ರೊಮೀಲಿಯ ಎಂಬ ರೋಗ. ಅದರ ವೈರಸ್ ಸಿಡುಬಿನ ವೈರಸ್ಸಿನ ಹತ್ತಿರದ ಬಂಧು ಎಂದು ಗೊತ್ತಾದ ಮೇಲೆ ಅದಕ್ಕೆ ಇಲಿ ಸಿಡುಬು ಎಂಬ ಹೆಸರು ನಿಂತಿತು. ಸಿಡುಬು, ದಡಾರ ಮುಂತಾದ ಗುಳ್ಳೆ ಏಳುವ ರೋಗಗಳಲ್ಲಿ ಸೋಂಕು ತಗಲಿದ ದಿನದಿಂದ ಜ್ವರ ಬರುವವರೆಗೆ ಹಲವು ದಿನ ಏನೂ ಕಾಣುವುದಿಲ್ಲ. ಆ ಅವಧಿಯಲ್ಲಿ ವೈರಸ್ ದೇಹದಲ್ಲಿ ಎಲ್ಲಿರುತ್ತದೆ, ಏನು ಮಾಡುತ್ತಿರುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಫೆನ್ನರ್ ಇಲಿಗಳ ಪಾದಕ್ಕೆ ವೈರಸ್ ಸೋಂಕಿಸಿ, ದಿನದಿನವೂ ಬೇರೆಬೇರೆ ಅಂಗಗಳಲ್ಲಿ ಅದರ ಪ್ರಮಾಣ ಅಳೆದರು. ವೈರಸ್ ಮೊದಲು ಚರ್ಮದಲ್ಲಿ, ಅಲ್ಲಿಂದ ಹತ್ತಿರದ ದುಗ್ಧಗ್ರಂಥಿಯಲ್ಲಿ ಬೆಳೆದು ರಕ್ತಕ್ಕೆ ಇಳಿಯುತ್ತದೆ. ರಕ್ತದ ಮೂಲಕ ಯಕೃತ್ತು ಮತ್ತು ಗುಲ್ಮವನ್ನು ಸೇರಿ ಅಲ್ಲಿ ಅಪಾರವಾಗಿ ವೃದ್ಧಿಯಾಗುತ್ತದೆ. ಎರಡನೆಯ ಸಲ ರಕ್ತಕ್ಕೆ ನುಗ್ಗಿ ಮೈಚರ್ಮವನ್ನು ತಲುಪಿದಾಗ ಗುಳ್ಳೆ ಏಳುತ್ತದೆ. 1948ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ವಿವರಣೆ ಮನುಷ್ಯರ ಸಿಡುಬು ಮತ್ತು ದಡಾರವನ್ನು ಅರಿಯಲು ದಶಕಗಳ ಕಾಲ ಮಾದರಿಯಾಗಿತ್ತು. ವೈರಸ್ಸಿನ ನಡೆಯನ್ನು ಊಹಿಸದೆ, ನಿಯಮಿತವಾಗಿ ಮಾದರಿ ತೆಗೆದು ಎಣಿಸುವ ಪದ್ಧತಿಯನ್ನು ಫೆನ್ನರ್ ರೂಢಿಸಿಕೊಂಡದ್ದು ಇಲ್ಲಿ.

ಆಸ್ಟ್ರೇಲಿಯದ ಮೊಲಗಳು ಮತ್ತು ಮಿಕ್ಸೊಮಾ ವೈರಸ್

ಮೊಲ ಆಸ್ಟ್ರೇಲಿಯದ ಮೂಲ ಪ್ರಾಣಿಯಲ್ಲ. 1859ರಲ್ಲಿ ವಿಕ್ಟೋರಿಯದ ಬಾರ್ವನ್ ಪಾರ್ಕ್ ಎಂಬ ಜಮೀನಿನ ಒಡೆಯ ಥಾಮಸ್ ಆಸ್ಟಿನ್ ಬೇಟೆಯ ಶೋಕಿಗಾಗಿ ಇಂಗ್ಲೆಂಡಿನಿಂದ ಸುಮಾರು ಎರಡು ಡಜನ್ ಮೊಲಗಳನ್ನು ತರಿಸಿ ಸಾಕಿದ. ಅವುಗಳ ಸಂತಾನ ಅರ್ಧ ಶತಮಾನದೊಳಗೆ ಖಂಡದ ಬಹುಭಾಗವನ್ನು ಆವರಿಸಿತು. ಹುಲ್ಲುಗಾವಲು ಬೋಳಾಯಿತು, ಮೇಲ್ಮಣ್ಣು ಕೊಚ್ಚಿಹೋಯಿತು, ಕುರಿ ಸಾಕಣೆಯವರು ಕಂಗೆಟ್ಟರು, ಸ್ಥಳೀಯ ಸಸ್ಯ ಮತ್ತು ಪ್ರಾಣಿಗಳಿಗೆ ನೆಲೆ ತಪ್ಪಿತು. ಸಾವಿರಾರು ಕಿಲೋಮೀಟರ್ ಉದ್ದದ ಬೇಲಿಗಳಿಂದಲೂ ಅವನ್ನು ತಡೆಯಲಾಗಲಿಲ್ಲ. 1950ರ ಹೊತ್ತಿಗೆ ಅವುಗಳ ಸಂಖ್ಯೆ ಸುಮಾರು 60 ಕೋಟಿ ಎಂದು ಅಂದಾಜು ಮಾಡಲಾಗಿತ್ತು.

ಮಿಕ್ಸೊಮಾ ವೈರಸ್ಸಿನ ಊರು ದಕ್ಷಿಣ ಅಮೆರಿಕ. ಅಲ್ಲಿನ ಕಾಡಿನ ತಪೇತಿ ಎಂಬ ಮೊಲದಲ್ಲಿ ಅದು ಚರ್ಮದ ಮೇಲೆ ಒಂದು ಗಂಟು ಮೂಡಿಸುತ್ತದೆಯೇ ಹೊರತು ಹೆಚ್ಚಿನ ಹಾನಿ ಮಾಡುವುದಿಲ್ಲ. ಅದೇ ವೈರಸ್ ಯೂರೋಪಿನ ಮೊಲಕ್ಕೆ ತಗಲಿದರೆ ಕಣ್ಣು, ಮೂಗು, ಜನನಾಂಗಗಳು ಊದಿಕೊಂಡು, ಮೈತುಂಬ ಗಂಟುಗಳೆದ್ದು, ಎರಡು ವಾರದೊಳಗೆ ಸಾವು ಬರುತ್ತದೆ. 1896ರಲ್ಲಿ ಉರುಗ್ವೆಯ ಮಾಂಟೆವಿಡಿಯೊ ನಗರದಲ್ಲಿ ಇಟಲಿಯ ಜೂಸೆಪ್ಪೆ ಸನಾರೆಲ್ಲಿ ಅವರ ಪ್ರಯೋಗಾಲಯದ ಮೊಲಗಳು ಈ ರೋಗದಿಂದ ಸತ್ತಾಗಲೇ ಇದು ವಿಜ್ಞಾನದ ಗಮನಕ್ಕೆ ಬಂದದ್ದು. ಮೊಲದ ಹಾವಳಿಗೆ ಇದನ್ನು ಬಳಸಬಹುದೆಂದು ಬ್ರೆಜಿಲ್ಲಿನ ಅರಗಾವ್ 1919ರಲ್ಲಿಯೇ ಸೂಚಿಸಿದ್ದರು. ಮೆಲ್ಬರ್ನಿನ ವೈದ್ಯೆ ಜೀನ್ ಮ್ಯಾಕ್ನಮಾರ 1930ರ ದಶಕದಿಂದ ಇದಕ್ಕಾಗಿ ಬಿಡದೆ ಒತ್ತಾಯಿಸಿದರು. ವೈರಸ್ ಬೇರೆ ಪ್ರಾಣಿಗಳಿಗೆ ಹರಡದೆಂದು ಪರೀಕ್ಷೆಗಳಿಂದ ಖಚಿತವಾದ ಮೇಲೆ, 1950ರಲ್ಲಿ ಫ್ರಾನ್ಸಿಸ್ ರ‍್ಯಾಟ್‌ಕ್ಲಿಫ್ ಅವರ ತಂಡ ಮರ‍್ರೆ ನದಿಯ ಕಣಿವೆಯಲ್ಲಿ ಅದನ್ನು ಮೊಲಗಳ ನಡುವೆ ಬಿಟ್ಟಿತು.

ಮೊದಲ ತಿಂಗಳುಗಳಲ್ಲಿ ರೋಗ ಕಾಣಿಸಿಕೊಂಡು ನಂದಿಹೋಗುತ್ತಿತ್ತು, ಪ್ರಯೋಗ ಸೋತಿತೆಂದೇ ಭಾವಿಸಲಾಗಿತ್ತು. ಡಿಸೆಂಬರ್ ಹೊತ್ತಿಗೆ ಮಳೆಯಿಂದ ಸೊಳ್ಳೆಗಳು ಹೆಚ್ಚಿದವು, ಪಿಡುಗು ನದಿಯ ಗುಂಟ ಭುಗಿಲೆದ್ದು ಕೆಲವೇ ತಿಂಗಳಲ್ಲಿ ಆಗ್ನೇಯ ಆಸ್ಟ್ರೇಲಿಯದ ಉದ್ದಗಲಕ್ಕೆ ಹರಡಿತು. ಅದೇ ಬೇಸಿಗೆಯಲ್ಲಿ ಅದೇ ಕಣಿವೆಯ ಜನರಲ್ಲಿ ಮಿದುಳಿನ ಉರಿಯೂತದ ಪಿಡುಗೂ ಕಾಣಿಸಿಕೊಂಡಿತು. ಮೊಲದ ವೈರಸ್ಸೇ ಮಕ್ಕಳನ್ನು ಕೊಲ್ಲುತ್ತಿದೆ ಎಂಬ ಭಯ ಹಬ್ಬಿತು. ಮಿದುಳಿನ ರೋಗಕ್ಕೆ ಕಾರಣ ಬೇರೊಂದು ವೈರಸ್ ಎಂದು ಬರ್ನೆಟ್ ಅವರ ಪ್ರಯೋಗಾಲಯ ತೋರಿಸಿತಾದರೂ ಜನರ ಆತಂಕ ತಣಿಯಲಿಲ್ಲ. ಆಗ ಬರ್ನೆಟ್, ಫೆನ್ನರ್ ಮತ್ತು ಸರ್ಕಾರಿ ಸಂಶೋಧನಾ ಸಂಸ್ಥೆಯ ಮುಖ್ಯಸ್ಥ ಇಯಾನ್ ಕ್ಲೂನೀಸ್ ರಾಸ್ ಮೂವರೂ ಮಿಕ್ಸೊಮಾ ವೈರಸ್ಸನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅವರಿಗೆ ಏನೂ ಆಗಲಿಲ್ಲ. 1951ರ ಮಾರ್ಚ್‌ನಲ್ಲಿ ಸಚಿವ ರಿಚರ್ಡ್ ಕೇಸಿ ಇದನ್ನು ಸಂಸತ್ತಿನಲ್ಲಿ ಪ್ರಕಟಿಸಿದರು.

ಮಾರಕತೆಯ ಅಳತೆ

ಬಿಡುಗಡೆ ಮಾಡಿದ ವೈರಸ್ ತಳಿ ಸೋಂಕು ತಗಲಿದ ಮೊಲಗಳಲ್ಲಿ ಶೇಕಡ 99ಕ್ಕಿಂತ ಹೆಚ್ಚನ್ನು ಕೊಲ್ಲುತ್ತಿತ್ತು. ಹೊಸ ನೆಲದಲ್ಲಿ, ಹೊಸ ಪ್ರಾಣಿಯಲ್ಲಿ, ಗೊತ್ತಾದ ವರ್ಷದಲ್ಲಿ, ಗೊತ್ತಾದ ತಳಿಯೊಂದರಿಂದ ಆರಂಭವಾದ ಪಿಡುಗು ಇದು. ವಿಕಾಸವನ್ನು ಅದರ ಮೊದಲ ಹೆಜ್ಜೆಯಿಂದಲೇ ಅಳೆಯುವ ಇಂಥ ಅವಕಾಶ ಮತ್ತೆ ಸಿಗುವುದು ಕಷ್ಟವೆಂದು ಫೆನ್ನರ್ ಕಂಡುಕೊಂಡರು. ಮೂಲ ತಳಿಯನ್ನು ಕಾಪಿಟ್ಟರು. ಬೇರೆಬೇರೆ ಪ್ರದೇಶಗಳಲ್ಲಿ ಸತ್ತ ಅಥವಾ ಕಾಯಿಲೆಬಿದ್ದ ಮೊಲಗಳಿಂದ ಪ್ರತಿ ವರ್ಷವೂ ವೈರಸ್ ಮಾದರಿಗಳನ್ನು ಸಂಗ್ರಹಿಸಿದರು.

ಅಳೆಯುವ ವಿಧಾನವನ್ನು ರೂಪಿಸುವುದೇ ಒಂದು ಸಮಸ್ಯೆಯಾಗಿತ್ತು. ಒಂದು ತಳಿ ನೂರಕ್ಕೆ ಎಷ್ಟು ಮೊಲಗಳನ್ನು ಕೊಲ್ಲುತ್ತದೆಂದು ನೇರವಾಗಿ ತಿಳಿಯಬೇಕಾದರೆ ಪ್ರತಿ ಮಾದರಿಗೂ ನೂರಾರು ಮೊಲಗಳು ಬೇಕು. ಆದರೆ ಹೆಚ್ಚು ಮಾರಕವಾದ ತಳಿ ಬೇಗನೆ ಕೊಲ್ಲುತ್ತದೆ, ಸೌಮ್ಯವಾದದ್ದು ನಿಧಾನವಾಗಿ ಕೊಲ್ಲುತ್ತದೆ. ಈ ಸಂಬಂಧವನ್ನು ಫೆನ್ನರ್ ಬಳಸಿಕೊಂಡರು. ಎಂದೂ ಸೋಂಕು ತಗಲದ ಐದಾರು ಪ್ರಯೋಗಾಲಯದ ಮೊಲಗಳಿಗೆ ಅತ್ಯಲ್ಪ ಪ್ರಮಾಣದ ವೈರಸ್ಸನ್ನು ಚರ್ಮದೊಳಕ್ಕೆ ಕೊಟ್ಟು, ಅವು ಸರಾಸರಿ ಎಷ್ಟು ದಿನ ಬದುಕಿದವೆಂದು ನೋಡಿ, ಅದರಿಂದ ಮರಣದ ಪ್ರಮಾಣವನ್ನು ಅಂದಾಜು ಮಾಡುವ ಮಟ್ಟಗಳನ್ನು ರೂಪಿಸಿದರು. 1ನೆಯ ಮಟ್ಟದ ತಳಿಗಳು ಶೇಕಡ 99ಕ್ಕಿಂತ ಹೆಚ್ಚು ಮೊಲಗಳನ್ನು 13 ದಿನದೊಳಗೆ ಕೊಲ್ಲುತ್ತವೆ. 2ನೆಯ ಮಟ್ಟದಲ್ಲಿ ಮರಣ ಶೇಕಡ 95ರಿಂದ 99. 3ನೆಯದರಲ್ಲಿ 70ರಿಂದ 95. 4ನೆಯದರಲ್ಲಿ 50ರಿಂದ 70. 5ನೆಯದರಲ್ಲಿ 50ಕ್ಕಿಂತ ಕಡಿಮೆ. ಪರೀಕ್ಷಿಸುವ ಮೊಲದ ಜಾತಿ, ಪ್ರಮಾಣ, ಚುಚ್ಚುವ ಜಾಗ ಎಲ್ಲವನ್ನೂ ಬದಲಿಸದೆ ಇಟ್ಟುಕೊಂಡದ್ದರಿಂದ ಒಂದು ವರ್ಷದ ಮಾದರಿಯನ್ನು ಹತ್ತು ವರ್ಷದ ನಂತರದ್ದರೊಡನೆ ಹೋಲಿಸಲು ಸಾಧ್ಯವಾಯಿತು.

ಮೊದಲ ವರ್ಷದ ಮಾದರಿಗಳೆಲ್ಲ 1ನೆಯ ಮಟ್ಟದವು. ಎರಡನೆಯ ಬೇಸಿಗೆಯಲ್ಲಿಯೇ ಕಡಿಮೆ ಮಾರಕವಾದ ತಳಿಗಳು ಕಾಣಿಸಿಕೊಂಡವು. 1950ರ ದಶಕದ ಮಧ್ಯದ ಹೊತ್ತಿಗೆ 3ನೆಯ ಮಟ್ಟದವು ಮೇಲುಗೈ ಪಡೆದಿದ್ದವು, ಮೂಲ ತಳಿಯಷ್ಟು ಮಾರಕವಾದವು ಬಯಲಿನಲ್ಲಿ ಅಪರೂಪವಾದವು. ಮೊಲದ ಹಾವಳಿ ತಡೆಯಲು ಅಧಿಕಾರಿಗಳು ಮತ್ತೆ ಮತ್ತೆ ಮೂಲ ತಳಿಯನ್ನೇ ತಂದು ಬಿಟ್ಟರೂ ಅದು ಬಯಲಿನಲ್ಲಿ ನೆಲೆಯೂರಲಿಲ್ಲ. ಆದರೆ ತೀರ ಸೌಮ್ಯವಾದ 5ನೆಯ ಮಟ್ಟದ ತಳಿಗಳೂ ಮೇಲೆ ಬರಲಿಲ್ಲ. ವಿಕಾಸ ನಡುವಿನ ಮಟ್ಟದಲ್ಲಿ ನಿಂತಿತು.

ಹರಡುವಿಕೆಯ ಲೆಕ್ಕ

ನಡುವೆಯೇ ನಿಂತದ್ದೇಕೆ ಎಂಬುದಕ್ಕೆ ಉತ್ತರ ಸೊಳ್ಳೆಯಲ್ಲಿತ್ತು. ಮಲೇರಿಯದ ಪರೋಪಜೀವಿಯಂತೆ ಮಿಕ್ಸೊಮಾ ವೈರಸ್ ಸೊಳ್ಳೆಯ ದೇಹದೊಳಗೆ ಬೆಳೆಯುವುದಿಲ್ಲ. ಮ್ಯಾಕ್ಸ್ ಡೇ ಮತ್ತು ಗ್ವೆಂಡೊಲಿನ್ ವುಡ್‌ರೂಫ್ ಅವರೊಡನೆ ಫೆನ್ನರ್ ನಡೆಸಿದ ಪ್ರಯೋಗಗಳು ಇದನ್ನು ಖಚಿತಪಡಿಸಿದವು. ಸೊಳ್ಳೆ ಕಾಯಿಲೆಯ ಮೊಲದ ಗಂಟಿನ ಮೂಲಕ ಸೊಂಡಿಲನ್ನು ಚುಚ್ಚಿದಾಗ ಅದರ ತುದಿಗೆ ವೈರಸ್ ಅಂಟಿಕೊಳ್ಳುತ್ತದೆ, ಮುಂದಿನ ಮೊಲಕ್ಕೆ ಚುಚ್ಚಿದಾಗ ದಾಟುತ್ತದೆ. ಹೀಗಾಗಿ ಹರಡುವಿಕೆ ಎರಡು ಸಂಗತಿಗಳನ್ನು ಅವಲಂಬಿಸಿದೆ. ಚರ್ಮದ ಗಂಟಿನಲ್ಲಿ ವೈರಸ್ ಎಷ್ಟು ದಟ್ಟವಾಗಿದೆ ಎಂಬುದು ಒಂದು, ಆ ದಟ್ಟಣೆ ಎಷ್ಟು ದಿನ ಉಳಿಯುತ್ತದೆ ಎಂಬುದು ಇನ್ನೊಂದು. 1ನೆಯ ಮಟ್ಟದ ತಳಿ ಗಂಟಿನಲ್ಲಿ ದಟ್ಟವಾಗಿ ಬೆಳೆದರೂ ಮೊಲ ಕೆಲವೇ ದಿನದಲ್ಲಿ ಸಾಯುವುದರಿಂದ ಸೊಳ್ಳೆಗೆ ಸಿಗುವ ಕಾಲ ಅಲ್ಪ. 5ನೆಯ ಮಟ್ಟದಲ್ಲಿ ಮೊಲ ಬದುಕಿದರೂ ಗಂಟು ಬೇಗ ಮಾಯುತ್ತದೆ, ಅದರಲ್ಲಿ ವೈರಸ್ಸೂ ವಿರಳ. ಗಂಟು ವಾರಗಟ್ಟಲೆ ಹಸಿಯಾಗಿ ಉಳಿದು ಸೊಳ್ಳೆಗೆ ವೈರಸ್ ಒದಗಿಸುವುದು 3 ಮತ್ತು 4ನೆಯ ಮಟ್ಟಗಳಲ್ಲಿ. ಸೊಳ್ಳೆ ವಿರಳವಾಗುವ ಚಳಿಗಾಲದಲ್ಲಿ ಈ ತಳಿಗಳೇ ಉಳಿದು ಮುಂದಿನ ಬೇಸಿಗೆಗೆ ದಾಟುತ್ತವೆ.

ಈ ಅಂಕಿಗಳನ್ನು ಆಧರಿಸಿ 1982ರಲ್ಲಿ ರಾಯ್ ಆಂಡರ್ಸನ್ ಮತ್ತು ರಾಬರ್ಟ್ ಮೇ ಒಂದು ಗಣಿತ ಮಾದರಿಯನ್ನು ಮಂಡಿಸಿದರು. ವೈರಸ್ ಹರಡುವ ಬಲ ಹೆಚ್ಚಿದಂತೆ ಅದು ನೆಲೆಸಿರುವ ಪ್ರಾಣಿಯ ಆಯುಷ್ಯ ಕಡಿಮೆಯಾಗುತ್ತದೆ. ಇವೆರಡರ ನಡುವಿನ ಕೊಡುಕೊಳೆಯಲ್ಲಿ ಒಟ್ಟು ಹರಡುವಿಕೆ ಗರಿಷ್ಠವಾಗುವ ಬಿಂದುವಿನತ್ತ ಆಯ್ಕೆ ಸಾಗುತ್ತದೆ ಎಂಬುದು ಅದರ ಸಾರ. ರೋಗಕಾರಕಗಳ ವಿಕಾಸದ ಆಧುನಿಕ ಸಿದ್ಧಾಂತಕ್ಕೆ ಇದು ತಳಪಾಯ, ಅದಕ್ಕೆ ಆಧಾರ ಒದಗಿಸಿದ್ದು ಫೆನ್ನರ್ ಅವರ ಮಟ್ಟಗಳು.

ಮೊಲಗಳ ಪ್ರತಿರೋಧ

ಬದಲಾದದ್ದು ವೈರಸ್ ಮಾತ್ರವಲ್ಲ. ಮಾರಕತೆ ಇಳಿದುದರಿಂದ ಪ್ರತಿ ಪಿಡುಗಿನಲ್ಲಿಯೂ ಒಂದಷ್ಟು ಮೊಲಗಳು ಬದುಕುಳಿದವು. ಹುಟ್ಟಿನಿಂದಲೇ ಹೆಚ್ಚು ತಾಳಿಕೆಯಿದ್ದವು ಹೀಗೆ ಉಳಿದು ಮರಿ ಹಾಕಿದವು. ಇದನ್ನು ಅಳೆಯುವ ಕೆಲಸವನ್ನು ಫೆನ್ನರ್ ಮತ್ತು ಇಯಾನ್ ಮಾರ್ಷಲ್ ನ್ಯೂ ಸೌತ್ ವೇಲ್ಸ್ ಪ್ರಾಂತದ ಯುರಾನ ಸರೋವರದ ಬಳಿ ಕೈಗೊಂಡರು. ಒಂದು ಪಿಡುಗು ಮುಗಿದ ಮೇಲೆ ಹುಟ್ಟಿದ ಮರಿಗಳನ್ನು ಹಿಡಿದು, ತಾಯಿಯಿಂದ ಬಂದ ಪ್ರತಿಕಾಯಗಳು ಕರಗುವವರೆಗೆ ಬೇರೆ ಇಟ್ಟು ಸಾಕಿ, ಕಾಪಿಟ್ಟಿದ್ದ 3ನೆಯ ಮಟ್ಟದ ಒಂದೇ ತಳಿಯಿಂದ ಸೋಂಕಿಸಿದರು. ವೈರಸ್ ಬದಲಾಗದೆ ಇರುವುದರಿಂದ ಫಲಿತಾಂಶದಲ್ಲಿ ಕಾಣುವ ಬದಲಾವಣೆ ಮೊಲದ ವಂಶಗುಣದ್ದೇ ಆಗಿರಬೇಕು. ಪಿಡುಗಿಗೆ ಮುನ್ನ ಈ ತಳಿ ಕಾಡುಮೊಲಗಳಲ್ಲಿ ಶೇಕಡ 90ರಷ್ಟನ್ನು ಕೊಲ್ಲುತ್ತಿತ್ತು. ಏಳು ಪಿಡುಗುಗಳನ್ನು ಹಾದುಬಂದ ಸಂತತಿಯಲ್ಲಿ ಮರಣ ಶೇಕಡ 30ರ ಆಸುಪಾಸಿಗೆ ಇಳಿದಿತ್ತು. ಒಂದು ಕಾಡುಪ್ರಾಣಿಯ ಸಂತತಿಯಲ್ಲಿ ನೈಸರ್ಗಿಕ ಆಯ್ಕೆ ಇಷ್ಟು ಕಡಿಮೆ ವರ್ಷಗಳಲ್ಲಿ ಇಷ್ಟು ದೊಡ್ಡ ಪರಿಣಾಮ ಬೀರುವುದು ಕಣ್ಣಮುಂದೆ ಕಂಡದ್ದು ವಿಕಾಸವಾದದ ಇತಿಹಾಸದಲ್ಲಿಯೇ ಗಮನಾರ್ಹ ಸಂಗತಿ.

ಯೂರೋಪಿನಲ್ಲಿ ನಡೆದ ಎರಡನೆಯ ಪ್ರಯೋಗ

1952ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ನಿವೃತ್ತ ವೈದ್ಯ ಆರ್ಮಾಂ ದೆಲೀಲ್ ತಮ್ಮ ಜಮೀನಿನ ಮೊಲಗಳನ್ನು ನಿವಾರಿಸಿಕೊಳ್ಳಲು ಮಿಕ್ಸೊಮಾ ವೈರಸ್ಸಿನ ಬೇರೊಂದು ತಳಿಯನ್ನು ತರಿಸಿ ಬಿಟ್ಟರು. ರೋಗ ಆವರಣದ ಗೋಡೆ ದಾಟಿ, 1953ರ ಶರತ್ಕಾಲಕ್ಕೆ ಇಂಗ್ಲೆಂಡಿನ ಕೆಂಟ್ ಪ್ರದೇಶವನ್ನೂ ತಲುಪಿತು. ಫ್ರಾನ್ಸಿನ ಮೊಲ ಬೇಟೆಗಾರರು ಕೆರಳಿದರೆ ರೈತರು ಹರ್ಷಿಸಿದರು. ವಿಜ್ಞಾನದ ಮಟ್ಟಿಗೆ ಇದು ಆಸ್ಟ್ರೇಲಿಯದ ಪ್ರಯೋಗವನ್ನು ಬೇರೆ ಖಂಡದಲ್ಲಿ ಮತ್ತೆ ನಡೆಸಿದಂತಾಯಿತು. ಬ್ರಿಟನ್ನಿನಲ್ಲಿ ರೋಗವನ್ನು ಮುಖ್ಯವಾಗಿ ಹರಡಿದ್ದು ಸೊಳ್ಳೆಯಲ್ಲ, ಮೊಲದ ಚಿಗಟ. ವಾಹಕ ಬೇರೆ, ಹವೆ ಬೇರೆ, ಮೂಲ ತಳಿಯೂ ಬೇರೆ. ಆದರೂ ಕೆಲವೇ ವರ್ಷಗಳಲ್ಲಿ ಅಲ್ಲಿಯೂ 3ನೆಯ ಮಟ್ಟದ ತಳಿಗಳೇ ಪ್ರಬಲವಾದವು, ಮೊಲಗಳಲ್ಲಿ ಪ್ರತಿರೋಧವೂ ಬೆಳೆಯಿತು. ಎರಡು ಖಂಡಗಳ ಈ ಇತಿಹಾಸವನ್ನು ಫೆನ್ನರ್ ಮತ್ತು ರ‍್ಯಾಟ್‌ಕ್ಲಿಫ್ 1965ರಲ್ಲಿ ಮಿಕ್ಸೊಮಾಟೋಸಿಸ್ ಎಂಬ ಗ್ರಂಥದಲ್ಲಿ ಸಮಗ್ರವಾಗಿ ನಿರೂಪಿಸಿದರು.

ಪಾಕ್ಸ್‌ವೈರಸ್‌ಗಳ ತಳಿಶಾಸ್ತ್ರ ಮತ್ತು ವರ್ಗೀಕರಣ

1950ರ ದಶಕದ ಉತ್ತರಾರ್ಧದಿಂದ ಫೆನ್ನರ್ ಪ್ರಯೋಗಾಲಯದೊಳಗಿನ ಪ್ರಶ್ನೆಗಳತ್ತ ತಿರುಗಿದರು. ಸಿಡುಬಿನ ಲಸಿಕೆಗೆ ಬಳಸುವ ವ್ಯಾಕ್ಸೀನಿಯ ವೈರಸ್ ಮತ್ತು ಅದರ ಬಂಧುವಾದ ಮೊಲ ಸಿಡುಬಿನ ವೈರಸ್ ಎರಡೂ ಒಂದೇ ಜೀವಕೋಶಕ್ಕೆ ಸೋಂಕಿದರೆ ಅವುಗಳ ಗುಣಗಳು ಬೆರೆತ ಸಂತತಿ ಹುಟ್ಟುತ್ತದೆಂದು ತೋರಿಸಿದರು. ಶಾಖದಿಂದ ನಿಷ್ಕ್ರಿಯಗೊಳಿಸಿದ ಪಾಕ್ಸ್‌ವೈರಸ್ಸನ್ನು ಅದರ ಸಕ್ರಿಯ ಬಂಧುವೊಂದು ಜೀವಕೋಶದೊಳಗೆ ಮತ್ತೆ ಚುರುಕುಗೊಳಿಸಬಲ್ಲದು ಎಂಬುದನ್ನೂ ಅವರ ಗುಂಪು ವಿವರಿಸಿತು. ವೈರಸ್‌ಗಳು ಒಂದೊಂದೇ ಉತ್ಪರಿವರ್ತನೆಯಿಂದ ಬದಲಾಗುವುದರ ಜೊತೆಗೆ ತಮ್ಮ ನಡುವೆ ವಂಶವಾಹಿಗಳನ್ನು ಅದಲುಬದಲು ಮಾಡಿಕೊಂಡೂ ಬದಲಾಗುತ್ತವೆ ಎಂಬ ತಿಳಿವಿಗೆ ಈ ಕೆಲಸ ಬಲ ಕೊಟ್ಟಿತು. 1968ರಲ್ಲಿ ಬಂದ ಎರಡು ಸಂಪುಟಗಳ ಪ್ರಾಣಿ ವೈರಸ್‌ಗಳ ಜೀವವಿಜ್ಞಾನ ಗ್ರಂಥ ಆ ಕ್ಷೇತ್ರದ ಅಧಿಕೃತ ಆಕರವಾಯಿತು. ಪಶುವೈದ್ಯ ವಿದ್ಯಾರ್ಥಿಗಳಿಗಾಗಿ ಅವರು ಸಹಲೇಖಕರೊಡನೆ ಬರೆದ ವೈರಸ್ ವಿಜ್ಞಾನದ ಪಠ್ಯ ಇಂದಿಗೂ ಫೆನ್ನರ್ ಹೆಸರಿನಲ್ಲಿಯೇ ಪರಿಷ್ಕೃತಗೊಂಡು ಬರುತ್ತಿದೆ. 1970ರಿಂದ 1975ರವರೆಗೆ ವೈರಸ್‌ಗಳ ಅಂತರರಾಷ್ಟ್ರೀಯ ವರ್ಗೀಕರಣ ಸಮಿತಿಯ ಅಧ್ಯಕ್ಷರಾಗಿದ್ದು, ಮನುಷ್ಯ, ಪ್ರಾಣಿ, ಸಸ್ಯ, ಬ್ಯಾಕ್ಟೀರಿಯಗಳ ವೈರಸ್‌ಗಳನ್ನೆಲ್ಲ ಒಂದೇ ವ್ಯವಸ್ಥೆಯೊಳಗೆ ತರಲು ಶ್ರಮಿಸಿದರು.

ಸಿಡುಬಿನ ನಿರ್ಮೂಲನ

ಸಿಡುಬಿನ ವಿರುದ್ಧ ವಿಶ್ವ ಆರೋಗ್ಯ ಸಂಸ್ಥೆಯ ತೀವ್ರ ಕಾರ್ಯಕ್ರಮ 1967ರಲ್ಲಿ ಆರಂಭವಾಯಿತು. ಭಾರತ ಅದರ ಅತ್ಯಂತ ಕಠಿಣ ರಣಭೂಮಿ. 1974ರಲ್ಲಿ, ಒಂದೇ ವರ್ಷದಲ್ಲಿ, ದೇಶದಲ್ಲಿ ಸುಮಾರು 1,88,000 ಪ್ರಕರಣಗಳು ದಾಖಲಾದವು, ಹೆಚ್ಚಿನವು ಬಿಹಾರದಲ್ಲಿ. ಮನೆಮನೆ ಹುಡುಕಿ, ರೋಗಿಯನ್ನು ಬೇರ್ಪಡಿಸಿ, ಸುತ್ತಲಿನವರಿಗೆಲ್ಲ ಲಸಿಕೆ ಹಾಕುವ ಕ್ರಮದಿಂದ 1975ರ ಮೇ ತಿಂಗಳಿಗೆ ಭಾರತದಲ್ಲಿ ಸಿಡುಬು ಕೊನೆಗೊಂಡಿತು. ನಿಸರ್ಗದಲ್ಲಿ ಹರಡಿದ ಸಿಡುಬಿನ ಕಟ್ಟಕಡೆಯ ರೋಗಿ ಸೊಮಾಲಿಯದ ಮೆರ್ಕ ಪಟ್ಟಣದಲ್ಲಿ 1977ರ ಅಕ್ಟೋಬರ್‌ನಲ್ಲಿ ಕಾಣಿಸಿದರು.

ರೋಗ ನಿಂತಿದೆ ಎಂದು ಪ್ರಮಾಣೀಕರಿಸುವ ಜಾಗತಿಕ ಆಯೋಗಕ್ಕೆ ಫೆನ್ನರ್ ಅಧ್ಯಕ್ಷರಾದರು. ಇಲ್ಲಿ ಅವರ ಮುಂದಿದ್ದ ದೊಡ್ಡ ಪ್ರಶ್ನೆ ವಿಕಾಸದ್ದೇ. ಸಿಡುಬಿಗೆ ಮನುಷ್ಯನ ಹೊರತು ಬೇರೆ ಪ್ರಾಣಿಯ ಆಸರೆ ಇಲ್ಲ ಎಂಬುದೇ ನಿರ್ಮೂಲನದ ನಂಬಿಕೆಗೆ ಆಧಾರ. ಆದರೆ 1958ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಾಲಯದ ಕೋತಿಗಳಲ್ಲಿ ಕಂಡಿದ್ದ ಮಂಗನ ಸಿಡುಬು 1970ರಲ್ಲಿ ಕಾಂಗೊ ದೇಶದ ಒಂದು ಮಗುವಿನಲ್ಲಿಯೂ ಕಂಡಿತ್ತು. ಅದು ಸಿಡುಬಿನ ವೈರಸ್ಸಾಗಿ ಬದಲಾಗಬಹುದೇ? ಕೆಲವು ಪ್ರಯೋಗಾಲಯಗಳಲ್ಲಿ ಕೋತಿಯ ಅಂಗಾಂಶದಿಂದ ಸಿಡುಬನ್ನೇ ಹೋಲುವ ವೈರಸ್‌ಗಳು ಸಿಕ್ಕಿದ್ದೂ ಈ ಭಯವನ್ನು ಹೆಚ್ಚಿಸಿತ್ತು. ವೈರಸ್‌ಗಳ ಡಿಎನ್ಎಯನ್ನು ನಿಶ್ಚಿತ ತಾಣಗಳಲ್ಲಿ ಕತ್ತರಿಸಿ ನಕ್ಷೆ ಮಾಡುವ ಅಂದಿನ ಹೊಸ ತಂತ್ರ ಉತ್ತರ ಕೊಟ್ಟಿತು. ಮಂಗನ ಸಿಡುಬಿನ ನಕ್ಷೆ ಮನುಷ್ಯರ ಸಿಡುಬಿನದರಿಂದ ಬಹಳ ದೂರವಿತ್ತು. ಒಂದೆರಡು ಉತ್ಪರಿವರ್ತನೆಯಿಂದ ದಾಟಿ ಬರುವ ಅಂತರವಲ್ಲ ಅದು. ಅನುಮಾನಕ್ಕೆ ಎಡೆಮಾಡಿದ್ದ ವೈರಸ್‌ಗಳು ಪ್ರಯೋಗಾಲಯದಲ್ಲಿ ಬೆರಕೆಯಾಗಿ ಬಂದ ಸಿಡುಬಿನ ವೈರಸ್‌ಗಳೇ ಎಂಬ ನಿರ್ಣಯಕ್ಕೆ ಬರಲಾಯಿತು. 1979ರ ಡಿಸೆಂಬರ್ 9ರಂದು ಆಯೋಗದ ಸದಸ್ಯರು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. 1980ರ ಮೇ 8ರಂದು ಜಿನೀವದಲ್ಲಿ ನಡೆದ ವಿಶ್ವ ಆರೋಗ್ಯ ಸಭೆಯಲ್ಲಿ ಸಿಡುಬಿನ ನಿರ್ಮೂಲನ ಘೋಷಣೆಯಾಯಿತು. ಡಿ. ಎ. ಹೆಂಡರ್ಸನ್, ಇಸಾವೊ ಅರಿತ ಮೊದಲಾದವರೊಡನೆ ಫೆನ್ನರ್ ಬರೆದ ಸಿಡುಬು ಮತ್ತು ಅದರ ನಿರ್ಮೂಲನ ಎಂಬ ಬೃಹತ್ ಗ್ರಂಥ 1988ರಲ್ಲಿ ಹೊರಬಂದಿತು.

ಲಸಿಕೆ ನಿಂತ ಮೇಲೆ ಬಂಧು ವೈರಸ್‌ಗಳ ಕಡೆ ಕಣ್ಣಿಡಬೇಕೆಂದು ಆಯೋಗವೂ ಎಚ್ಚರಿಸಿತ್ತು. ಲಸಿಕೆಯ ರಕ್ಷಣೆ ಇಲ್ಲದ ತಲೆಮಾರುಗಳು ಬೆಳೆದಂತೆ ಮಂಗನ ಸಿಡುಬು ಆಫ್ರಿಕದಲ್ಲಿ ಹೆಚ್ಚುತ್ತ ಬಂದು, 2022ರಲ್ಲಿ ಹಲವು ಖಂಡಗಳಿಗೆ ಹರಡಿತು. ಅದೇ ವರ್ಷದ ಜುಲೈನಲ್ಲಿ ಕೇರಳದಲ್ಲಿ ಭಾರತದ ಮೊದಲ ಪ್ರಕರಣ ಪತ್ತೆಯಾಯಿತು. ಭಾರತದಲ್ಲಿ ಎಮ್ಮೆಗಳ ಕೆಚ್ಚಲಲ್ಲಿ ಗುಳ್ಳೆ ಎಬ್ಬಿಸಿ, ಹಾಲು ಕರೆಯುವವರ ಕೈಗೂ ಅಂಟುವ ಎಮ್ಮೆ ಸಿಡುಬಿನ ವೈರಸ್ ಲಸಿಕೆಯ ವ್ಯಾಕ್ಸೀನಿಯಕ್ಕೆ ಅತ್ಯಂತ ಹತ್ತಿರದ್ದು. ವೈರಸ್ ಹೊಸ ಪ್ರಾಣಿಯಲ್ಲಿ ನೆಲೆ ಕಂಡುಕೊಳ್ಳುವ ಬಗೆಯನ್ನು ಅರಿಯಲು ಇದೂ ಒಂದು ದಾರಿ.

ಜೀನೋಮ್ ಯುಗದ ಮರುಪರಿಶೀಲನೆ

ಫೆನ್ನರ್ ಕಾಪಿಟ್ಟಿದ್ದ ವೈರಸ್ ಮಾದರಿಗಳು ಅವರ ನಿಧನದ ನಂತರ ಹೊಸ ಬೆಲೆ ಪಡೆದವು. ಪೀಟರ್ ಕೆರ್, ಎಡ್ವರ್ಡ್ ಹೋಮ್ಸ್, ಆಂಡ್ರ್ಯೂ ರೀಡ್ ಮತ್ತಿತರರು ಎರಡೂ ಖಂಡಗಳ ಹಳೆಯ ಮತ್ತು ಹೊಸ ಮಾದರಿಗಳ ಪೂರ್ಣ ಜೀನೋಮನ್ನು ಓದಿ 2012ರಲ್ಲಿ ಪ್ರಕಟಿಸಿದರು. ಸುಮಾರು 1,61,000 ಅಕ್ಷರಗಳಷ್ಟು ಉದ್ದದ ಡಿಎನ್ಎ ಅದು. ಆಸ್ಟ್ರೇಲಿಯದಲ್ಲಿಯೂ ಯೂರೋಪಿನಲ್ಲಿಯೂ ಮಾರಕತೆ ಒಂದೇ ಬಗೆಯಲ್ಲಿ ಇಳಿದಿದ್ದರೂ ಅದಕ್ಕೆ ಕಾರಣವಾದ ಉತ್ಪರಿವರ್ತನೆಗಳು ಎರಡೂ ಕಡೆ ಬೇರೆಬೇರೆ. ಒಂದೇ ಗುರಿಗೆ ಹಲವು ದಾರಿಗಳಿಂದ ತಲುಪಬಹುದೆಂದು ಇದರಿಂದ ಸ್ಪಷ್ಟವಾಯಿತು.

ಮೊಲಗಳ ಕಡೆಯ ಕಥೆ ಇದಕ್ಕೆ ವ್ಯತಿರಿಕ್ತ. 2019ರಲ್ಲಿ ಪ್ರಕಟವಾದ ಅಧ್ಯಯನ ಪಿಡುಗಿಗೆ ಮುಂಚಿನ ಮೊಲಗಳನ್ನು ವಸ್ತುಸಂಗ್ರಹಾಲಯಗಳಿಂದ ಹುಡುಕಿ, ಆಸ್ಟ್ರೇಲಿಯ, ಬ್ರಿಟನ್ ಮತ್ತು ಫ್ರಾನ್ಸಿನ ಇಂದಿನ ಮೊಲಗಳೊಡನೆ ಹೋಲಿಸಿತು. ಆ ಹಳೆಯ ಮಾದರಿಗಳಲ್ಲಿ ಚಾರ್ಲ್ಸ್ ಡಾರ್ವಿನ್ ಅವರ ಸಂಗ್ರಹದ ಮೊಲವೂ ಒಂದು. ಮೂರೂ ದೇಶಗಳಲ್ಲಿ ಬಹುಮಟ್ಟಿಗೆ ಒಂದೇ ವಂಶವಾಹಿ ಭೇದಗಳು ಆಯ್ಕೆಗೊಂಡಿದ್ದವು. ಮೊಲಗಳ ಮೂಲ ಸಂತತಿಯಲ್ಲಿಯೇ ಇದ್ದ ಹಲವು ಸಣ್ಣ ವ್ಯತ್ಯಾಸಗಳು ಒಟ್ಟುಗೂಡಿ ಪ್ರತಿರೋಧ ಕೊಟ್ಟಿದ್ದವು.

ಮೊಲಗಳ ಪ್ರತಿರೋಧ ಹೆಚ್ಚಿದ ಮೇಲೆ ವೈರಸ್ ಏನು ಮಾಡಿತು? 1990ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಸಂಗ್ರಹಿಸಿದ ಕೆಲವು ತಳಿಗಳನ್ನು ಪ್ರತಿರೋಧವಿಲ್ಲದ ಪ್ರಯೋಗಾಲಯದ ಮೊಲಗಳಲ್ಲಿ ಪರೀಕ್ಷಿಸಿದಾಗ ಅವು ತೀವ್ರ ಮಾರಕವಾಗಿದ್ದವೆಂದು 2017ರಲ್ಲಿ ಕೆರ್ ಮತ್ತು ಸಂಗಡಿಗರು ವರದಿ ಮಾಡಿದರು. ಆ ಮೊಲಗಳ ರೋಗನಿರೋಧಕ ವ್ಯವಸ್ಥೆ ಕುಸಿದು, ರಕ್ತ ನಂಜಾದ ರೋಗಿಗಳಂತೆ ಅವು ಸತ್ತವು. 2018ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ಇದೇ ವೈರಸ್ ಬೇರೊಂದು ಪಾಕ್ಸ್‌ವೈರಸ್ಸಿನ ಡಿಎನ್ಎ ತುಣುಕನ್ನು ಸೇರಿಸಿಕೊಂಡ ರೂಪದಲ್ಲಿ ಐಬೀರಿಯದ ಹೇರ್ ಎಂಬ ಬೇರೊಂದು ಜಾತಿಗೆ ದಾಟಿ ಭಾರಿ ಸಾವು ತಂದಿತು. ಇಲಿ ಸಿಡುಬಿನ ವಿಷಯದಲ್ಲಿಯೂ ಎಚ್ಚರಿಕೆಯ ಘಟನೆಯೊಂದು ನಡೆಯಿತು. ಇಲಿಗಳ ಸಂತಾನ ತಡೆಯುವ ಉದ್ದೇಶದಿಂದ ಕ್ಯಾನ್‌ಬೆರದ ವಿಜ್ಞಾನಿಗಳು ಆ ವೈರಸ್ಸಿಗೆ ಇಲಿಯದೇ ಒಂದು ರೋಗನಿರೋಧಕ ವಂಶವಾಹಿಯನ್ನು ಸೇರಿಸಿದಾಗ, ಲಸಿಕೆ ಪಡೆದ ಇಲಿಗಳೂ ಸತ್ತವು. 2001ರಲ್ಲಿ ಪ್ರಕಟವಾದ ಈ ಫಲಿತಾಂಶ ವೈರಸ್‌ಗಳನ್ನು ತಿದ್ದುವ ಸಂಶೋಧನೆಯ ಹೊಣೆಗಾರಿಕೆಯ ಬಗ್ಗೆ ಜಗತ್ತಿನಾದ್ಯಂತ ಚರ್ಚೆ ಎಬ್ಬಿಸಿತು.

ಮಹತ್ವ

ಕಾಲ ಕಳೆದಂತೆ ಎಲ್ಲ ವೈರಸ್‌ಗಳೂ ಸೌಮ್ಯವಾಗುತ್ತವೆ ಎಂಬ ಮಾತಿಗೆ ಫೆನ್ನರ್ ಅವರ ಕೆಲಸವನ್ನೇ ಆಧಾರವಾಗಿ ಹೇಳುವುದುಂಟು. 2020ರ ನಂತರ ಕೊರೊನ ವೈರಸ್ಸಿನ ಸಂದರ್ಭದಲ್ಲಿಯೂ ಈ ಮಾತು ಬಹಳ ಕೇಳಿಬಂದಿತು. ಫೆನ್ನರ್ ಅವರ ಅಂಕಿಗಳು ಹೇಳುವುದು ಅದನ್ನಲ್ಲ. ಮಿಕ್ಸೊಮಾ ವೈರಸ್ ಸೌಮ್ಯತೆಯತ್ತ ಸಾಗಿ ಅಲ್ಲಿಯೇ ಉಳಿಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಮೊಲಗಳನ್ನು ಕೊಲ್ಲುವ ಮಟ್ಟದಲ್ಲಿ ನಿಂತಿತು, ಮೊಲಗಳು ಗಟ್ಟಿಯಾದಾಗ ಮತ್ತೆ ಬಿರುಸಾಯಿತು. ಸಾವು ಹರಡುವಿಕೆಗೆ ಅಡ್ಡಿಯಾದಾಗ ಮಾತ್ರ ಆಯ್ಕೆ ಮಾರಕತೆಯ ವಿರುದ್ಧ ಕೆಲಸ ಮಾಡುತ್ತದೆ. ರೋಗಿ ಹಾಸಿಗೆ ಹಿಡಿಯುವ ಮೊದಲೇ ಬೇರೆಯವರಿಗೆ ದಾಟಿಬಿಡುವ ವೈರಸ್ಸಿನ ಮೇಲೆ ಅಂಥ ಒತ್ತಡ ಕಡಿಮೆ. 1995ರಲ್ಲಿ ದಕ್ಷಿಣ ಆಸ್ಟ್ರೇಲಿಯದ ವಾರ್ಡಂಗ್ ದ್ವೀಪದ ಪರೀಕ್ಷಾ ಆವರಣದಿಂದ ಹೊರಬಿದ್ದ ಮೊಲಗಳ ರಕ್ತಸ್ರಾವ ರೋಗದ ವೈರಸ್ ಮಾರಕತೆಯನ್ನು ಕಳೆದುಕೊಳ್ಳದೆ ಉಳಿಸಿಕೊಂಡದ್ದು ಇದಕ್ಕೆ ನಿದರ್ಶನ. ಸತ್ತ ಮೊಲದ ಮೇಲೆ ಕೂತ ನೊಣಗಳೂ ಅದನ್ನು ಹರಡುವುದರಿಂದ ಆ ವೈರಸ್ಸಿಗೆ ಮೊಲ ಬೇಗ ಸತ್ತರೂ ನಷ್ಟವಿಲ್ಲ. ಪ್ರತಿ ವೈರಸ್ಸಿನ ಲೆಕ್ಕವನ್ನೂ ಬೇರೆಯಾಗಿಯೇ ಮಾಡಬೇಕೆಂಬುದು ಈ ಅಧ್ಯಯನ ಪರಂಪರೆಯ ನಿಶ್ಚಿತ ಪಾಠ.

ಆ ಲೆಕ್ಕ ಸಾಧ್ಯವಾಗಬೇಕಾದರೆ ಪಿಡುಗಿನ ಆರಂಭದಿಂದಲೇ ಮಾದರಿಗಳನ್ನು ಕಾಪಿಡಬೇಕು, ಒಂದೇ ಅಳತೆಗೋಲಿಗೆ ದಶಕಗಳ ಕಾಲ ಬದ್ಧವಾಗಿರಬೇಕು, ಪಶುವೈದ್ಯರು, ಕೀಟತಜ್ಞರು, ಮನುಷ್ಯರ ವೈದ್ಯರು ಒಟ್ಟಿಗೆ ದುಡಿಯಬೇಕು. ಫೆನ್ನರ್ ಇವೆಲ್ಲವನ್ನೂ ತಮ್ಮ ಕಾಲದಲ್ಲಿ ಮಾಡಿ ತೋರಿಸಿದರು. ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ರೋಗಗಳನ್ನು ಎದುರಿಸುವ ಯಾವ ದೇಶಕ್ಕಾದರೂ ಈ ಪದ್ಧತಿ ಅನುಸರಣೀಯ.

ಗ್ರಂಥಗಳು ಮತ್ತು ಗೌರವಗಳು

ಬರ್ನಾರ್ಡಿನೊ ಫ್ಯಾಂಟಿನಿ ಅವರೊಡನೆ ಬರೆದ ಮಿಕ್ಸೊಮಾ ರೋಗದ ಇತಿಹಾಸ 1999ರಲ್ಲಿ ಪ್ರಕಟವಾಯಿತು. ತಮ್ಮ ಮತ್ತು ತಂದೆಯ ಬದುಕನ್ನು ಕುರಿತ ಫೆನ್ನರ್ ಅವರ ಗ್ರಂಥ 2006ರಲ್ಲಿ ಬಂದಿತು. 1954ರಲ್ಲಿ ಆಸ್ಟ್ರೇಲಿಯನ್ ವಿಜ್ಞಾನ ಅಕಾಡೆಮಿಯ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದರು. 1958ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದರು. ಸಿಡುಬಿನ ನಿರ್ಮೂಲನಕ್ಕಾಗಿ ಹೆಂಡರ್ಸನ್ ಮತ್ತು ಅರಿತ ಅವರೊಡನೆ 1988ರ ಜಪಾನ್ ಪ್ರಶಸ್ತಿ, 1995ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ, 2000ದಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ವಿಶ್ವ ವಿಜ್ಞಾನ ಪ್ರಶಸ್ತಿ, 2002ರಲ್ಲಿ ಆಸ್ಟ್ರೇಲಿಯದ ಪ್ರಧಾನಮಂತ್ರಿಗಳ ವಿಜ್ಞಾನ ಪ್ರಶಸ್ತಿ ಇವರಿಗೆ ಸಂದವು.